ಕೂಜನ ಹೆಂಡತಿ ಯೋಹಾನಳು

ಧ್ಯಾನಕ್ಕೆ ಆಧಾರ: ಲೂಕ 8:1–3, 24:1–10



ವಿಜಯಪುರ, ತಿಕೋಟಾ, ಬಬಲೇಶ್ವರ ಈ ಸೀಮೆಯ ಹೊಲಮನೆಗಳ ಕಾಗದಪತ್ರಗಳನ್ನು ನೋಡಿದರೆ ವಿವಾಹಿತ ಸ್ತ್ರೀಯ ಹೆಸರಿನ ಸಂಗಡ ಗಂಡನ ಹೆಸರು ಕಾಣುವದು. ‘ಶಾಂತವ್ವ ಗಂಡ ಬಸಪ್ಪ’ ಎಂದು ಬರೆಯುವರು. ಕೆಲವು ಕರೆಯೋಲೆಗಳಲ್ಲಿ ಶಾಂತವ್ವ ಎಂಬದೂ ಬಿಟ್ಟುಹೋಗಿ, ಬಸಪ್ಪನವರ ಪತ್ನಿ ಎಂಬದಷ್ಟೇ ಉಳಿಯುವದು. ಇದು ಯಾಕೆ ಹೀಗೆ? ದೇವರ ಮಕ್ಕಳಾದ ನಾವು ಇದನ್ನು ಹೇಗೆ ಎಣಿಸಬೇಕು?

ಒಂದನೆಯದಾಗಿ, ಈ ವಾಡಿಕೆಯ ಮೂಲವನ್ನು ತಿಳಿಯೋಣ. ನಮ್ಮ ಸೀಮೆಯಲ್ಲಿ ಹೆಣ್ಣುಮಗಳು ತವರುಮನೆ ಬಿಟ್ಟು ಗಂಡನ ಮನೆಗೆ ಸೇರಿದಾಗ, ಆಕೆಯ ಹೆಸರಿನ ಮುಂದಿದ್ದ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುವದು. ಊರಲ್ಲಿ ಹತ್ತು ಮಂದಿ ಶಾಂತವ್ವರಿದ್ದರೆ, ಯಾವ ಮನೆಯವಳೆಂದು ಗುರುತಿಸಲು ಇದು ಬೇಕಾಗುವದು. ಇದರಲ್ಲಿ ದೋಷವಿಲ್ಲ. ಇಂಗ್ಲೆಂಡಿನ ಸಂಗತಿ ಬೇರೆ. ಅಲ್ಲಿಯ ಹಳೆಯ ನ್ಯಾಯದ ಪ್ರಕಾರ ಗಂಡಹೆಂಡರು ಒಬ್ಬರೇ ವ್ಯಕ್ತಿ. ಆ ಒಬ್ಬ ವ್ಯಕ್ತಿಯು ಗಂಡನೇ. ಹೆಂಡತಿಯ ಗಳಿಕೆಯೂ ಅವನದಾಗಿತ್ತು. 18ನೆಯ ಶತಮಾನ ಮುಗಿಯುವ ಹೊತ್ತಿಗೆ ಆಕೆಯನ್ನು ಗಂಡನ ಪೂರ್ಣ ಹೆಸರಿನಿಂದಲೇ ಕರೆಯುವ ಮರ್ಯಾದೆಯೂ ಅಲ್ಲಿ ಹುಟ್ಟಿತು. ಇದನ್ನು ಕ್ರೈಸ್ತ ಮರ್ಯಾದೆಯೆಂದು ತಿಳಿಯಬಾರದು. ಇದು ಸುವಾರ್ತೆಯ ಆಜ್ಞೆಯಲ್ಲ, ಒಂದು ದೇಶದ ವಾಡಿಕೆ. ಆ ದೇಶವೇ 1882ರ ಕಾಯಿದೆಯಿಂದ ವಿವಾಹಿತ ಸ್ತ್ರೀಗೆ ಸ್ವಂತ ಆಸ್ತಿಯ ಹಕ್ಕನ್ನು ಕೊಟ್ಟು ಆ ನ್ಯಾಯವನ್ನು ತಿದ್ದಿತು.

ಎರಡನೆಯದಾಗಿ, ಒಂದು ಹೆಸರು ಇನ್ನೊಂದನ್ನು ನುಂಗುವ ಅಪಾಯವನ್ನು ನೋಡೋಣ. ವಿಜಯಪುರದ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ ಇದೆ. ಅದು ರಾಣಿ ತಾಜ್ ಸುಲ್ತಾನಳಿಗೋಸ್ಕರ ಆರಂಭಿಸಿದ ಕಟ್ಟಡ. ಅರಸನು ಮುಂಚೆ ತೀರಿಕೊಂಡನು. ಇಂದು ಜನರ ಬಾಯಲ್ಲಿ ಅವನ ಹೆಸರೇ ಇದೆ. ರಾಣಿಗೆ ಹೀಗಾದರೆ ಕೂಲಿಯ ಹೆಣ್ಣುಮಗಳ ಪಾಡೇನು? ಗಂಡನ ಹೆಸರಿನ ಮೇಲೆ ಮಾತ್ರ ನಿಂತ ಮಾನವು ಅವನು ಸತ್ತ ದಿನವೇ ಬೀಳುವದು. ನಿನ್ನೆ ‘ಸೌಭಾಗ್ಯವತಿ’ ಎಂದು ಬರೆದ ಕೈ ಇಂದು ಆ ಮಾತನ್ನು ಅಳಿಸುವದು. ವಿಧವೆಯ ಕಣ್ಣೀರಿಗೆ ಇದೂ ಒಂದು ಕಾರಣವಲ್ಲವೇ?

ಇನ್ನು ಕೆಲವರು, ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕುಂದೀತೆಂದು ಹೆದರುವರು. ಮದುವೆಯಲ್ಲಿ ಒಡಪು ಕಟ್ಟಿ ನಗುತ್ತಾ ಆ ಹೆಸರು ಹೇಳುವದು ಚೆಂದವೇ. ಆದರೆ ನಮ್ಮ ಆಯುಷ್ಯವು ದೇವರ ಕೈಯಲ್ಲಿದೆ, ಹೆಂಡತಿಯ ನಾಲಿಗೆಯಲ್ಲಿಲ್ಲ.

ಮೂರನೆಯದಾಗಿ, ದೇವರ ವಾಕ್ಯಕ್ಕೆ ಕಿವಿಗೊಡೋಣ. ಯೋಹಾನಳ ಗಂಡನಾದ ಕೂಜನು ಹೆರೋದನ ಮನೆವಾರ್ತೆಯವನು. ಎಂಟನೆಯ ಅಧ್ಯಾಯದಲ್ಲಿ ಲೂಕನು ಆಕೆಯ ಹೆಸರನ್ನೂ ಗಂಡನ ಹೆಸರನ್ನೂ ಬರೆಯುತ್ತಾನೆ. ಒಂದನ್ನು ಇಟ್ಟು ಇನ್ನೊಂದನ್ನು ಅಳಿಸಲಿಲ್ಲ. ಆಕೆಯು ತನ್ನ ಆಸ್ತಿಯಿಂದ ಕರ್ತನಿಗೆ ಉಪಚಾರ ಮಾಡಿದಳು. ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಬರಿದಾದ ಸಮಾಧಿಯ ಸುದ್ದಿಯನ್ನು ತಂದವರೊಳಗೆ ಆಕೆಯು ಮತ್ತೆ ಕಾಣುವಳು. ಅಲ್ಲಿ ಕೂಜನ ಹೆಸರಿಲ್ಲ. ಯೋಹಾನಳು ಎಂದಷ್ಟೇ ಇದೆ. ಪುನರುತ್ಥಾನಕ್ಕೆ ಸಾಕ್ಷಿ ಹೇಳುವಾಗ ಆಕೆಯ ಸ್ವಂತ ಹೆಸರೇ ಸಾಕಾಯಿತು.

ಪ್ರಿಯರೇ, ದೀಕ್ಷಾಸ್ನಾನದಲ್ಲಿ ಬೋಧಕರು ಯಾರನ್ನೂ ‘ಇಂಥವನ ಹೆಂಡತಿ’ ಎಂದು ಕರೆದು ನೀರು ಹಾಕಲಿಲ್ಲ. ಪ್ರತಿಯೊಬ್ಬಳಿಗೂ ಆಕೆಯ ಹೆಸರಿನಿಂದಲೇ ಆ ಕೃಪೆ ದೊರಕಿತು. ಒಳ್ಳೇ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುವನು. ಆದದರಿಂದ ಸಭೆಯ ಪಟ್ಟಿಯಲ್ಲಿ ಸಹೋದರಿಯ ಹೆಸರನ್ನು ಮೊದಲು ಬರೆಯಿರಿ. ಗಂಡನ ಹೆಸರು ಗುರುತಿಗಾಗಿ ಅದರ ಸಂಗಡ ಇರಲಿ. ವಿಧವೆಯನ್ನು ಮೊದಲಿನಷ್ಟೇ ಮಾನದಿಂದ ಹೆಸರು ಹಿಡಿದು ಮಾತಾಡಿಸಿರಿ. ಗಂಡಂದಿರೇ, ಮನೆಯಲ್ಲಿ ‘ಏ, ಇವಳೇ’ ಎಂದು ಕೂಗುವದನ್ನು ಬಿಟ್ಟು ಪ್ರೀತಿಯಿಂದ ಆಕೆಯ ಹೆಸರನ್ನು ಹೇಳಿರಿ. ಜೀವಗ್ರಂಥದಲ್ಲಿ ನಮ್ಮೆಲ್ಲರ ಹೆಸರುಗಳೂ ಬರೆಯಲ್ಪಟ್ಟಿರುವಂತೆ ಕರ್ತನು ಕೃಪೆಮಾಡಲಿ. ಆಮೆನ್.