ಗಾಡಿ ಯಾರದ್ದು?

ಹಳೇ ಗಾಡಿಯನ್ನು ಮನೆಯಲ್ಲೇ ಬಿಚ್ಚಿ ಹೊಸದು ಮಾಡೋ ಹುಚ್ಚು ಹತ್ತಿದವರಿಗೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಎಷ್ಟು ಖರ್ಚಾಯ್ತು?" ನಾನು ಹೇಳಲಿಲ್ಲ. ಬಿಲ್ಲುಗಳನ್ನು ಕೂಡಿಸಿ ನೋಡೋ ಧೈರ್ಯ ನನಗೇ ಇರಲಿಲ್ಲ. ಆದರೆ ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಅದನ್ನು ಕೇಳಿದವರು ಒಬ್ಬರೇ, ಅದೂ ಬಾಯಿಬಿಟ್ಟಲ್ಲ.

ಗಾಡಿ 1991ರ ಟಾಟಾಮೊಬೈಲ್ 206. ಈಗಿನವರಿಗೆ ಹೆಸರು ಗೊತ್ತಿರಲಿಕ್ಕಿಲ್ಲ. ಟಾಟಾ ಮೋಟಾರ್ಸ್ ಇನ್ನೂ ಟೆಲ್ಕೋ ಆಗಿದ್ದಾಗ, 1988ರಲ್ಲಿ ಬಿಟ್ಟ ಪಿಕಪ್. ಆಮೇಲೆ ಬಂದ ಸಿಯೆರಾ, ಎಸ್ಟೇಟ್ ಎರಡಕ್ಕೂ ಇದೇ ಬುನಾದಿ. ಚಾಮರಾಜಪೇಟೆಯಲ್ಲಿ ಅಪ್ಪನದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆ ವ್ಯಾಪಾರ. ರಾಮನವಮಿ ಬಂತೆಂದರೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಸಂಗೀತ ಕಚೇರಿ ನಡೆಯುತ್ತಿದ್ದರೆ, ನಮ್ಮ ಗಾಡಿ ಬೀದಿ ಬೀದಿಯ ಪಾನಕದ ಪೆಂಡಾಲಿಗೆ ಗಳ, ತಾರ್ಪಾಲು, ಕೊಳದಪ್ಪಲೆ ಹೊತ್ತು ತಿರುಗುತ್ತಿತ್ತು. ಅಪ್ಪ ಮುಂದೆ ಸ್ಟೇರಿಂಗ್ ಹಿಡಿದರೆ, ಹಿಂದೆ ಮಡಚಿದ ಕುರ್ಚಿಗಳ ಮೇಲೆ ಇನ್ನೊಬ್ಬರು ಕೂತಿರುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಗಾಡಿಗೆ ಸಾಮಾನು ಏರಿಸಿ ಇಳಿಸಿದವರು. ನಾವು ಮಕ್ಕಳು ಅವರನ್ನು ಮಾಮ ಅನ್ನುತ್ತಿದ್ದೆವು. ವ್ಯಾಪಾರದ ಲೆಕ್ಕದಲ್ಲಿ ಅವರ ಹೆಸರು 'ಲೋಡಿಂಗ್'.

ಅಪ್ಪ ಹೋದಮೇಲೆ ವ್ಯಾಪಾರ ನಿಂತಿತು, ಗಾಡಿ ಕಾಂಪೌಂಡಿನಲ್ಲಿ ನಿಂತಿತು. ಒಂಬತ್ತು ವರ್ಷ. ಗುಜರಿಯವರು ಬಂದು ಟಯರಿಗೆ ಒದ್ದು ರೇಟು ಹೇಳಿ ಹೋಗುತ್ತಿದ್ದರು. ಅಪ್ಪನ ನೆನಪನ್ನು ಕೇಜಿ ಲೆಕ್ಕದಲ್ಲಿ ಕೊಡೋದು ಹೇಗೆ? ಒಂದು ಶನಿವಾರ ಸ್ಪ್ಯಾನರ್ ಹಿಡಿದು ಕೂತೆ.

ಕೈಯಲ್ಲಿ ಕೆಲಸ ಮಾಡೋದು ಎಷ್ಟು ದೊಡ್ಡ ಸುಖ ಅನ್ನೋದು ವಾರಕ್ಕೆ ಐದು ದಿನ ಸ್ಕ್ರೀನ್ ನೋಡೋ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಟಿಂಕರಿಂಗ್ ಮೇಸ್ತ್ರಿ ನನಗೆ ತಗಡಿನ ಭಾಷೆ ಕಲಿಸಿದರು. ಬೆರಳಲ್ಲಿ ತಟ್ಟಿದರೆ ಗಟ್ಟಿ ತಗಡು ಕಿಣ್ ಅನ್ನುತ್ತೆ, ಪುಟ್ಟಿ ಮೆತ್ತಿದ್ದು ಡಬ್ ಅನ್ನುತ್ತೆ. ಅನುಮಾನ ಬಂದರೆ ಅಯಸ್ಕಾಂತ ಹಿಡಿಯಿರಿ, ಪುಟ್ಟಿಗೆ ಅದು ಅಂಟಲ್ಲ. ತುಕ್ಕಿನ ಮೇಲೆ ಪುಟ್ಟಿ ಹಾಕೋದು ಗಾಯಕ್ಕೆ ಪೌಡರ್ ಹಚ್ಚಿದ ಹಾಗೆ. ಕೊಳೆತಿದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು. ಕಮಾನು ಪಟ್ಟಿ ಬಿಚ್ಚಿ ಕೂರಿಸಿದ್ದಾಯ್ತು. ಡೀಸೆಲ್ ಪಂಪು ಕ್ಯಾಲಿಬ್ರೇಷನ್‌ಗೆ ಹೋಗಿ ಬಂತು. ಜೆಸಿ ರಸ್ತೆಯ ಅಂಗಡಿಗಳಲ್ಲಿ "ಈ ಮಾಡೆಲ್ ಈಗ ಬರಲ್ಲ ಸಾರ್, ಹಳೇ ಸುಮೋದು ಕೂರುತ್ತಾ ನೋಡೋಣ" ಅನ್ನಿಸಿಕೊಂಡು, ಸಿಗದ್ದನ್ನು ಶಿವಾಜಿನಗರದ ಗುಜರಿಯಲ್ಲಿ ಹುಡುಕಿದೆ.

ಇಷ್ಟು ಬದಲಾಯಿಸಿದ ಮೇಲೆ ಇದು ಅಪ್ಪನ ಗಾಡಿಯೇನಾ? ಪ್ರಶ್ನೆ ಹಳೇದು. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳುತ್ತಾನೆ: ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ. ಎಲ್ಲ ಸೇರಿದಾಗ ಕರೆಯೋದಕ್ಕೊಂದು ಹೆಸರು, ಅಷ್ಟೆ. ಹಾಗಾದರೆ ತೊಂದರೆ ಇಲ್ಲ, ಹೆಸರು ಅಪ್ಪನದ್ದೇ ಅಂತ ಸಮಾಧಾನ ಮಾಡಿಕೊಂಡೆ.

ಕಾನೂನಿನ ಮಾತೂ ಒಂದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಹಾಗಾಗಿ ಹೊರಗೆಲ್ಲ ಮೊದಲಿದ್ದ ಹಾಗೇ ಬಿಟ್ಟೆ, ಬಣ್ಣವೂ ಅದೇ ಕೆನೆ ಬಿಳಿ. ನನ್ನ ಆಸೆಯನ್ನೆಲ್ಲ ತೀರಿಸಿಕೊಂಡಿದ್ದು ಹಿಂದಿನ ತೊಟ್ಟಿಯ ಒಳಗೆ. ಸೊಟ್ಟಪಟ್ಟ ತಗಡಿನ ಮೇಲೆ ತೇಗದ ಹಲಗೆ ಕೂರಿಸಿ, ಮೂರು ಕೋಟು ವಾರ್ನಿಷ್.

ತೊಟ್ಟಿಯ ಮುಂದಿನ ಗೋಡೆಯಲ್ಲಿ, ಕ್ಯಾಬಿನ್ ಗಾಜಿನ ಕೆಳಗೆ, ಮೊಳೆಯಲ್ಲಿ ಗೀಚಿದ ಗೆರೆಗಳಿದ್ದವು. ನಾಲ್ಕು ಉದ್ದ, ಒಂದು ಅಡ್ಡ. ಮತ್ತೆ ನಾಲ್ಕು, ಒಂದು. ಎಷ್ಟು ಪಾತ್ರೆ ಹೋಯ್ತು, ಎಷ್ಟು ವಾಪಸ್ ಬಂತು ಅನ್ನೋ ಮಾಮನ ಲೆಕ್ಕ. ಪೇಂಟರ್ ಕೇಳಿದ: "ಇದನ್ನೂ ಪುಟ್ಟಿ ಹಾಕಿ ಎತ್ತಿಬಿಡ್ಲಾ ಸಾರ್?" ನಾನು ಫೋನಿನಲ್ಲಿದ್ದೆ. ಹೂಂ ಅಂದೆ.

ಗಾಡಿ ರೆಡಿಯಾದ ಭಾನುವಾರ ಮಾಮನನ್ನು ಕರೆಸಿದೆ. ಬಂದರು, ಸುತ್ತ ನೋಡಿದರು, ಬಾನೆಟ್ ಮೇಲೆ ಕೈಯಿಟ್ಟರು. "ಹತ್ತಿ ಮಾಮ" ಅಂದೆ. ಹಿಂದಿನ ಬಾಗಿಲು ಇಳಿಸಿದಾಗ ತೇಗದ ಹಲಗೆ ಹೊಳೀತಾ ಇತ್ತು. ಅವರು ಚಪ್ಪಲಿ ಬಿಟ್ಟರು. ಆಮೇಲೆ ಹತ್ತಿದರು. ಇಪ್ಪತ್ತೆರಡು ವರ್ಷ ಕೆಸರು ಕಾಲಲ್ಲಿ ನಿಂತಿದ್ದ ಜಾಗಕ್ಕೆ, ದೇವಸ್ಥಾನಕ್ಕೆ ಹೋದ ಹಾಗೆ. ಕೈ ತಾನಾಗೇ ಮುಂದಿನ ಗೋಡೆ ಸವರಿತು, ಒಂದು ಕ್ಷಣ ಹುಡುಕಿತು, ಸುಮ್ಮನಾಯಿತು. ಇಳಿದು ಬಂದು, "ಚೆನ್ನಾಗಾಗಿದೆ. ಇನ್ಮೇಲೆ ಇದರಲ್ಲಿ ಏನೂ ಹಾಕ್ಬೇಡಿ" ಅಂದರು. ನಿಜವಾಗಿ ಮೆಚ್ಚಿಕೊಂಡೇ ಹೇಳಿದ ಮಾತು. ಅದಕ್ಕೇ ಜಾಸ್ತಿ ಚುಚ್ಚಿತು.

ನಾನೇನು ತಪ್ಪು ಮಾಡಿದೆ? ಗಾಡಿ ನಮ್ಮದು, ಆರ್‌ಸಿ ನಮ್ಮ ಹೆಸರಲ್ಲಿ, ದುಡ್ಡು ನನ್ನದು. ಮಾಮನಿಗೆ ಕೂಲಿ ಬಾಕಿ ಇಲ್ಲ. ತಗಡಿನ ಮೇಲಿನ ನಾಲ್ಕು ಗೀರಿಗೆ ಯಾರಿಗೆ ಹಕ್ಕು? ಕೋರ್ಟಿಗೆ ಹೋದರೆ ನಾನೇ ಗೆಲ್ಲುತ್ತೇನೆ. ಆದರೆ ನಾನು ಶುರು ಮಾಡಿದ್ದು ಆಸ್ತಿ ಕಾಪಾಡೋಕೆ ಅಲ್ಲವಲ್ಲ, ನೆನಪು ಕಾಪಾಡೋಕೆ. ಆಸ್ತಿಗೆ ಒಬ್ಬ ಮಾಲೀಕ ಸಾಕು. ನೆನಪಿಗೆ ಪಾಲುದಾರರು ಇರುತ್ತಾರೆ, ಅವರ ಹೆಸರು ಯಾವ ಆರ್‌ಸಿಯಲ್ಲೂ ಇರಲ್ಲ.

ನಮ್ಮ ದೇವಸ್ಥಾನಗಳಲ್ಲಿ ಇದಕ್ಕೊಂದು ಪದ್ಧತಿ ಇದೆ: ಜೀರ್ಣೋದ್ಧಾರ. ಕೆಲಸ ಶುರುವಾಗೋ ಮೊದಲು ದೇವರ ಕಳೆಯನ್ನು ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿ ಇಡುತ್ತಾರೆ. ಕಲ್ಲು ಬದಲಾಗುತ್ತಿದ್ದರೂ ಪೂಜೆ ತಪ್ಪಲ್ಲ. ಉಳಿಸಬೇಕಾದ್ದು ಕಲ್ಲನ್ನಲ್ಲ, ಕಲ್ಲಿನ ಮುಂದೆ ನಡೆಯೋದನ್ನು ಅನ್ನೋದು ಅಲ್ಲಿನ ತಿಳಿವಳಿಕೆ. ಹಾಗಂತ ಶಾಸನದ ಮೇಲೆ ಆಯಿಲ್ ಪೇಂಟ್ ಬಳಿದ ಜೀರ್ಣೋದ್ಧಾರಗಳನ್ನೂ ನೋಡಿದ್ದೇವೆ. ನಾನು ಮಾಡಿದ್ದು ಎರಡನೇ ಜಾತಿಯದ್ದು.

ಇದಕ್ಕೆ ಪೂರ್ತಿ ವಿರುದ್ಧವಾದ ದಾರಿಯೂ ಇದೆ. 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗೆ 'ವಿಂಟೇಜ್' ಪಟ್ಟ, ಬೇರೆಯದೇ ನಂಬರ್ ಪ್ಲೇಟು. ಆದರೆ ಆಮೇಲೆ ಅದನ್ನು ದಿನನಿತ್ಯದ ಓಡಾಟಕ್ಕಾಗಲಿ, ವ್ಯಾಪಾರಕ್ಕಾಗಲಿ ಬಳಸೋ ಹಾಗಿಲ್ಲ. ಅಂದರೆ ದುಡಿಯೋದು ನಿಲ್ಲಿಸಿದರೆ ಮಾತ್ರ ಮರ್ಯಾದೆ! ನಿಯಮಕ್ಕೆ ಅದರದ್ದೇ ಕಾರಣ ಇದೆ. ಆದರೆ ನಾವೂ ಹಾಗೇ ಯೋಚಿಸೋಕೆ ಶುರು ಮಾಡಿದ್ದೇವೆ ಅನ್ನೋದು ನನ್ನ ಚಿಂತೆ. ಬಸವನಗುಡಿ, ಮಲ್ಲೇಶ್ವರಗಳ ಹಳೇ ಮನೆಗಳಲ್ಲಿ ಕೆಲವು ಕೆಫೆಗಳಾಗಿವೆ. ಬಿದ್ದು ಅಪಾರ್ಟ್‌ಮೆಂಟ್ ಆಗೋದಕ್ಕಿಂತ ಎಷ್ಟೋ ವಾಸಿ, ಒಪ್ಪುತ್ತೇನೆ. ಕಾಫಿಯೂ ಕುಡಿದಿದ್ದೇನೆ. ಆದರೆ ಅಲ್ಲಿ ಅಂದಕ್ಕೆ ಇಟ್ಟ ಒರಳುಕಲ್ಲನ್ನು ನೋಡುವಾಗ, ಅದರ ಗುಳಿ ಅಷ್ಟು ನುಣುಪಾಗೋಕೆ ಯಾರ ತೋಳು ಎಷ್ಟು ವರ್ಷ ನೋಯಿತು ಅಂತ ಯಾರೂ ಕೇಳಲ್ಲ.

ಸವೆದಿದ್ದೆಲ್ಲ ಪವಿತ್ರ ಅಂತ ನಾನು ಹೇಳುತ್ತಿಲ್ಲ. ತುಕ್ಕನ್ನು ನೆನಪು ಅಂತ ಉಳಿಸಿಕೊಂಡರೆ ಗಾಡಿಯೇ ಉಳಿಯಲ್ಲ. ಕೆಲವನ್ನು ಕತ್ತರಿಸಲೇಬೇಕು. ಆದರೆ ಯಾವುದು ತುಕ್ಕು, ಯಾವುದು ಲೆಕ್ಕ ಅನ್ನೋದನ್ನು ಸ್ಪ್ಯಾನರ್ ಹಿಡಿದವನೊಬ್ಬನೇ ತೀರ್ಮಾನ ಮಾಡಬಾರದು. ಮೊದಲು ಆ ವಸ್ತುವನ್ನು ಸವೆಸಿದವರನ್ನು ಕೇಳಬೇಕು. ನಾನು ಜೆಸಿ ರಸ್ತೆಯ ಹತ್ತು ಅಂಗಡಿಯಲ್ಲಿ ವಿಚಾರಿಸಿದೆ. ಮೂರು ಬೀದಿ ಆಚೆ ಇರೋ ಮಾಮನ ಮನೆಗೆ ಮಾತ್ರ ಹೋಗಲಿಲ್ಲ.

ಆಮೇಲೆ ಹೋದೆ. ಗೀರುಗಳ ವಿಷಯ ಎತ್ತಿ ಕ್ಷಮೆ ಕೇಳಿದರೆ ಅವರಿಗೇ ಮುಜುಗರ. "ಅಯ್ಯೋ, ಬಿಡಪ್ಪ, ಹಳೇ ಲೆಕ್ಕ" ಅಂದರು. ತೇಗದ ಹಲಗೆ ಬಗ್ಗೆ ಕೇಳಿದಾಗ ಮಾತ್ರ ದನಿ ಬದಲಾಯಿತು: "ಮಳೇಲಿ ಜಾರುತ್ತೆ. ಕೊಳದಪ್ಪಲೆ ಹಿಡಿದು ನಿಲ್ಲೋಕಾಗಲ್ಲ." ಹಲಗೆ ತೆಗೆಸಿದೆ, ಚೆಕರ್ಡ್ ಪ್ಲೇಟ್ ಹಾಕಿಸಿದೆ. ಹೋದ ತಿಂಗಳು ಬೀದಿಯ ಅನ್ನಸಂತರ್ಪಣೆಗೆ ಮನೆಯಲ್ಲಿ ಉಳಿದಿದ್ದ ಪಾತ್ರೆ ಕೊಟ್ಟೆವು. ಮಾಮ ಚಪ್ಪಲಿ ಹಾಕಿಕೊಂಡೇ ಹತ್ತಿ, ಹೇಗೆ ಇಡಬೇಕು ಅಂತ ನನಗೆ ಹೇಳಿಕೊಟ್ಟರು. ಮೊದಲ ಕೊಳದಪ್ಪಲೆ ಎಳೆದಾಗ ಹೊಸ ಬಣ್ಣದ ಮೇಲೆ ಉದ್ದಕ್ಕೆ ಗೀರು ಬಿತ್ತು. ನನ್ನ ಎದೆ ಧಸಕ್ಕೆಂದಿತು. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. "ಇನ್ನೊಂದು ಕೊಡು" ಅಂತ ಕೈ ಚಾಚಿದರು.