ಹಳೆಯ ನಾಣ್ಯವನ್ನು ಕೊಳ್ಳುವವನ ಧರ್ಮ

ಮೈಸೂರಿನ ಅರಮನೆಗೆ ಮೂಡಲಿರುವ ನಜರ್‌ಬಾದಿಗೆ ಒಂದು ಕಾಲದಲ್ಲಿ ರಾಜಧಾನಿಯಾಗುವ ಯೋಗವಿದ್ದಂತೆ ತೋರಿತ್ತು. ಟಿಪ್ಪು ಸುಲ್ತಾನನು ಹಳೆಯ ಮೈಸೂರಿನ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆಯನ್ನು ಎತ್ತಿಸತೊಡಗಿದನು. ೧೭೯೯ರಲ್ಲಿ ಅವನು ಮಡಿದ ಮೇಲೆ ಆ ಕಲ್ಲುಗಳು ಮರಳಿ ಮೈಸೂರಿಗೇ ಸಾಗಿದವು. ಕೋಟೆಯು ನಿಲ್ಲದಿದ್ದರೂ ಊರಿನ ಹೆಸರನ್ನು ಹೊತ್ತ ತಾಮ್ರದ ನಾಣ್ಯಗಳು ನಿಂತವು. ಒಂದು ಮುಖದಲ್ಲಿ ಆನೆ. ಮತ್ತೊಂದರಲ್ಲಿ ಪಾರಸಿ ಲಿಪಿಯಲ್ಲಿ ‘ನಜರ್‌ಬಾರ್’ ಎಂಬ ಟಂಕಸಾಲೆಯ ಹೆಸರು. ತೂಕ ಸುಮಾರು ಒಂದು ತೊಲ.

ಶ್ರೀರಂಗಪಟ್ಟಣದಲ್ಲಿ ಅಚ್ಚಾದ ಆನೆಯ ದುಡ್ಡು ಸುಲಭವಾಗಿ ದೊರೆಯುತ್ತದೆ; ನಜರ್‌ಬಾರಿನದು ಅಷ್ಟು ಸುಲಭವಲ್ಲ. ಪಾರಸಿಯನ್ನು ಓದಲಾರದವನಿಗೆ ಎರಡೂ ಒಂದೇ. ಹೆಂಡರ್ಸನನು ೧೯೨೧ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನು ಕುರಿತು ಪ್ರಕಟಿಸಿದ ಗ್ರಂಥವನ್ನು ಓದಿದ ಸಂಗ್ರಾಹಕನಿಗೆ ಮಾತ್ರ ಆ ಭೇದವು ತಿಳಿಯುವುದು. ಹೀಗಿರಲು, ಬಡ ಗೃಹಿಣಿಯೊಬ್ಬಳು ಅತ್ತೆಯ ಪೆಟ್ಟಿಗೆಯಲ್ಲಿದ್ದ ಅಂತಹ ನಾಣ್ಯವನ್ನು ತಂದು ತಾಮ್ರದ ಬೆಲೆಯನ್ನು ಕೇಳಿದರೆ, ಅರಿತವನು ಸುಮ್ಮನೆ ಅಷ್ಟನ್ನೇ ಕೊಟ್ಟು ಕೊಳ್ಳಬಹುದೇ? (ನೆಲದಲ್ಲಿ ದೊರೆತ ನಿಧಿಯ ಮಾತು ಬೇರೆ, ಅದಕ್ಕೆ ಕಾಯಿದೆಯುಂಟು.)

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಗತಿಯಿಲ್ಲದವನಿಂದ, ಗುಟ್ಟಾಗಿ, ಅಲ್ಪ ಬೆಲೆಗೆ, ಅಕಾಲದಲ್ಲಿ ಕೊಂಡವನನ್ನು ಕಳ್ಳನೆಂದೇ ಹೇಳಿದೆ. ಆ ವಚನವು ಪರರ ಸೊತ್ತಿನ ಮಾರಾಟವನ್ನು ಕುರಿತದ್ದು. ಇಲ್ಲಿಯೋ ಮಾರುವವಳೇ ಒಡತಿ. ಆದುದರಿಂದ ನ್ಯಾಯಸ್ಥಾನವು ಈ ಕೊಳ್ಳುವವನನ್ನು ಹಿಡಿಯಲಾರದು. ಆದರೆ ಅಲ್ಪ ಬೆಲೆಯನ್ನೂ ಗುಟ್ಟನ್ನೂ ಸ್ಮೃತಿಕಾರನು ಒಂದೇ ಸಾಲಿನಲ್ಲಿ ಎಣಿಸಿದುದು ವಿಚಾರಣೀಯವಾಗಿದೆ. ಸಂಗ್ರಾಹಕನಲ್ಲಿಯೂ ಗುಟ್ಟೊಂದಿದೆ; ಅದು ಇರುಳಿನಲ್ಲಿ ಅಡಗಿಲ್ಲ, ಅವನ ಓದಿನಲ್ಲಿ ಅಡಗಿದೆ.

‘ವರ್ಷಗಟ್ಟಲೆ ಕಷ್ಟಪಟ್ಟು ಪಡೆದ ವಿದ್ಯೆಯನ್ನು ಪುಕ್ಕಟೆಯಾಗಿ ಏಕೆ ಕೊಡಬೇಕು? ನಾನು ಕೊಳ್ಳದಿದ್ದರೆ ಕಂಚುಗಾರನು ಕರಗಿಸುತ್ತಿದ್ದನಲ್ಲವೇ?’ ಎಂದು ಅವನು ಕೇಳಬಹುದು. ಈ ಮಾತನ್ನು ಹಗುರವಾಗಿ ತಳ್ಳಲಾಗದು. ಎಷ್ಟೋ ನಾಣ್ಯಗಳು ಮೂಸೆಯ ಪಾಲಾಗದೆ ಉಳಿದುದು ಇಂತಹವರ ಹುಚ್ಚಿನಿಂದಲೇ. ಅವರ ಶ್ರಮಕ್ಕೆ ಲಾಭವೂ ಸಲ್ಲತಕ್ಕದ್ದೇ. ಆದರೆ ಕರಗದಂತೆ ಕಾಪಾಡಿದ ಪುಣ್ಯವು ಒಡತಿಯ ಅಜ್ಞಾನಕ್ಕೆ ಬೆಲೆ ಕಟ್ಟುವ ಹಕ್ಕನ್ನು ಕೊಡುವುದಿಲ್ಲ. ವೈದ್ಯನು ರೋಗದ ಹೆಸರನ್ನು ಹೇಳಿ ಸಂಭಾವನೆಯನ್ನು ತೆಗೆದುಕೊಳ್ಳುತ್ತಾನೆ. ಹೆಸರನ್ನು ಮುಚ್ಚಿಟ್ಟು ರೋಗಿಯ ಮನೆಯನ್ನು ಬರೆಯಿಸಿಕೊಳ್ಳುವುದಿಲ್ಲ. ಸಂಗ್ರಾಹಕನೂ ಟಂಕಸಾಲೆಯ ಹೆಸರನ್ನು ಮೊದಲು ಓದಿ ಹೇಳಲಿ. ಆಮೇಲೆ ಬೆಲೆಯ ಚೌಕಾಸಿ ಎಷ್ಟು ಬೇಕಾದರೂ ನಡೆಯಲಿ.

ಹಾಗೆ ಹೇಳಿದರೆ ಆಕೆ ನಾಣ್ಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೇರೆ ಅಂಗಡಿಗೆ ಹೋದಾಳು. ಹತ್ತು ವರ್ಷಗಳಿಂದ ಅದನ್ನೇ ಅರಸುತ್ತಿದ್ದವನಿಗೆ ಅದು ಸಣ್ಣ ನಷ್ಟವಲ್ಲ. ಹೊರಡುವ ಮೊದಲು, ಕಾಗದವನ್ನು ಅದರ ಮೇಲಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಅಚ್ಚನ್ನು ತೆಗೆದುಕೊಳ್ಳಲು ಆಕೆಯ ಅಪ್ಪಣೆಯನ್ನು ಕೇಳುವುದಕ್ಕೇನೂ ಅಡ್ಡಿಯಿಲ್ಲ.