ಓದದೆ ಉಳಿಸುವುದು

ಕಂಪ್ಯೂಟರ್ ಶುರುವಾಗದೆ ನಿಂತರೆ ‘ಸತ್ತುಹೋಯಿತು’ ಎನ್ನುತ್ತೇವೆ. ಬಹಳಷ್ಟು ಸಲ ಆ ಮಾತು ನಿಜವಲ್ಲ. ಗುಂಡಿ ಒತ್ತಿದಾಗ ಯಂತ್ರವನ್ನು ಎಬ್ಬಿಸಿ ನಿಲ್ಲಿಸುವ ಸಣ್ಣ ಪ್ರೋಗ್ರಾಂ ಕೆಟ್ಟಿರುತ್ತದೆ. ಇಲ್ಲವೇ ಅಪ್‌ಡೇಟ್ ನಡೆಯುತ್ತಿದ್ದಾಗ ಕರೆಂಟು ಹೋಗಿ, ಮುಖ್ಯವಾದ ಯಾವುದೋ ಫೈಲು ಹಾಳಾಗಿರುತ್ತದೆ. ಹಾರ್ಡ್ ಡಿಸ್ಕಿನಲ್ಲಿರುವ ಪತ್ರ, ಫೋಟೋ, ಅರ್ಧ ಬರೆದ ಕತೆ ಎಲ್ಲವೂ ಇದ್ದಲ್ಲೇ ಇರುತ್ತವೆ. ಮುಂಬಾಗಿಲ ಬೀಗ ಕೆಟ್ಟ ಮನೆಯ ಹಾಗೆ. ಅಂಥ ಮನೆಗೆ ಹಿತ್ತಿಲ ಕಡೆಯಿಂದ ಹೋಗಿ ಸಾಮಾನು ಹೊರಗೆ ತಂದುಕೊಡುವ ಕೆಲಸವನ್ನು ನಾನು ಹಲವು ವರ್ಷಗಳಿಂದ ನೆಂಟರಿಗೂ ನೆರೆಯವರಿಗೂ ಮಾಡಿಕೊಡುತ್ತಿದ್ದೇನೆ. ಕೆಲಸ ಕಷ್ಟದ್ದಲ್ಲ. ಅದರೊಳಗಿನ ಒಂದು ಪ್ರಶ್ನೆ ಮಾತ್ರ ಸುಲಭವಲ್ಲ: ಇನ್ನೊಬ್ಬರದನ್ನು ಉಳಿಸಿಕೊಡುವವನಿಗೆ ಅದರ ಮೇಲೆ ಎಷ್ಟು ಹಕ್ಕು?

ಮೊದಲು ಕೆಲಸ ನಡೆಯುವ ಬಗೆ ಹೇಳುತ್ತೇನೆ. ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿಕೊಂಡು, ಕೆಟ್ಟ ಕಂಪ್ಯೂಟರನ್ನು ಅದರಿಂದಲೇ ಶುರುಮಾಡಬೇಕು. ಕಪ್ಪು ಪರದೆಯ ಟರ್ಮಿನಲ್ ತೆರೆದು ‘ಎಲ್‌ಎಸ್‌ಬಿಎಲ್‌ಕೆ’ ಎಂದು ಬೆರಳಚ್ಚಿಸಿದರೆ ಯಂತ್ರದಲ್ಲಿರುವ ಡಿಸ್ಕುಗಳ ಪಟ್ಟಿ ಬರುತ್ತದೆ. ಬೇಕಾದ್ದನ್ನು ‘ಮೌಂಟ್’ ಮಾಡುವಾಗ ‘ಆರ್‌ಒ’ ಎಂಬ ಎರಡಕ್ಷರ ಸೇರಿಸಬೇಕು. ಓದು, ಬರೆಯಬೇಡ ಎಂದು ಅದರ ಅರ್ಥ. ಡಿಸ್ಕು ಸವೆದು ಅಲ್ಲಲ್ಲಿ ಓದಲಾಗದಂತಾಗಿದ್ದರೆ ‘ಡಿಡಿರೆಸ್ಕ್ಯೂ’ ಇದೆ. ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ನಕಲು ಮಾಡಿಕೊಂಡು, ಹಟ ಹಿಡಿಯುವ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂಬ ಲೆಕ್ಕವನ್ನು ಬೇರೆ ಫೈಲಿನಲ್ಲಿ ಬರೆದಿಡುತ್ತದೆ. ಡಿಸ್ಕು ಗಟ್ಟಿಯಾಗಿದ್ದರೆ ಅಷ್ಟೆಲ್ಲ ಬೇಕಿಲ್ಲ. ‘ಆರ್‌ಸಿಂಕ್’ ಎಂಬ ಒಂದು ಕಮಾಂಡು ಫೋಲ್ಡರುಗಳನ್ನು ಇದ್ದ ಹಾಗೆಯೇ ಹೊರಗಿನ ಡಿಸ್ಕಿಗೆ ದಾಟಿಸುತ್ತದೆ.

ಈ ಹಾದಿಯಲ್ಲಿ ಯಾರೂ ನಮ್ಮನ್ನು ಅಡ್ಡಗಟ್ಟುವುದಿಲ್ಲ. ದಿನವೂ ಪಾಸ್‌ವರ್ಡ್ ಕೇಳುತ್ತಿದ್ದ ಕಂಪ್ಯೂಟರ್ ಇಲ್ಲಿ ಏನೂ ಕೇಳದು. ಪಾಸ್‌ವರ್ಡ್ ಕೇಳುವ ಕಾವಲುಗಾರ ಕೆಟ್ಟುಹೋದ ವ್ಯವಸ್ಥೆಯ ಭಾಗ. ಅದು ಎದ್ದರೆ ಮಾತ್ರ ಅವನೂ ಏಳುತ್ತಾನೆ. ಇದು ಯಾರ ಫೈಲು, ಯಾರು ಓದಬಹುದು ಎಂಬ ಗುರುತುಗಳು ಡಿಸ್ಕಿನ ಮೇಲೆ ಇದ್ದೇ ಇರುತ್ತವೆ. ಆದರೆ ಅವನ್ನು ಮನ್ನಿಸಬೇಕಾದ್ದು ಆಗ ನಡೆಯುತ್ತಿರುವ ವ್ಯವಸ್ಥೆ, ಮತ್ತು ನನ್ನ ಪೆನ್‌ಡ್ರೈವಿನಲ್ಲಿ ನಾನೇ ಯಜಮಾನ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಮಾತು ಬೇರೆ. ಹಾಗೆ ಮಾಡಿಲ್ಲದಿದ್ದರೆ, ಯಂತ್ರ ಹೊತ್ತಿದ್ದ ಕಾವಲಿನ ಭಾರ ಆ ಗಳಿಗೆಯಲ್ಲಿ ಮನುಷ್ಯನ ಹೆಗಲಿಗೆ ಬರುತ್ತದೆ.

ಟರ್ಮಿನಲ್ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಮೌಸಿನಿಂದ ಫೋಲ್ಡರು ತೆರೆದರೆ ಪ್ರತಿ ಫೋಟೋದ ಸಣ್ಣ ರೂಪ ಕೇಳದೆಯೇ ಕಣ್ಣಿಗೆ ಬೀಳುತ್ತದೆ. ಕಮಾಂಡು ಹಾಗೆ ತೋರಿಸುವುದಿಲ್ಲ. ಬೇಡವೆಂದರೆ ಫೈಲುಗಳ ಹೆಸರೂ ಕಾಣುವುದಿಲ್ಲ. ನಕಲು ಸರಿಯಾಗಿದೆಯೇ ಎಂದು ನೋಡಲಿಕ್ಕೂ ಫೈಲು ತೆರೆಯಬೇಕಿಲ್ಲ. ‘ಶಾ256ಸಮ್’ ಎಂಬ ಕಮಾಂಡು ಪ್ರತಿ ಫೈಲಿಗೂ 64 ಅಕ್ಷರಗಳ ಒಂದು ಗುರುತು ಲೆಕ್ಕಹಾಕಿ ಕೊಡುತ್ತದೆ. ಮೂಲದ ಗುರುತೂ ನಕಲಿನ ಗುರುತೂ ಒಂದೇ ಆದರೆ ಫೈಲು ಹಾಗೇ ಬಂದಿದೆ ಎಂದು ನಂಬಬಹುದು. ಒಳಗಿರುವುದು ಪ್ರೇಮಪತ್ರವೋ ಪಹಣಿಯೋ ತಿಳಿಯದೆಯೇ ಅದು ಕ್ಷೇಮವಾಗಿದೆ ಎಂದು ಹೇಳಬಹುದು.

ಇದು ಹೊಸ ಕಾಲದ ಅನುಕೂಲ. ತಾಳೆಗರಿಯ ಲಿಪಿಕಾರ ಓದದೆ ನಕಲು ಮಾಡಲಾರ. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನದಲ್ಲ ಎಂದು ಗ್ರಂಥದ ಕೊನೆಯಲ್ಲಿ ಅವನು ಬಿನ್ನವಿಸಿಕೊಳ್ಳುತ್ತಿದ್ದದ್ದೂ ಅದಕ್ಕೇ. ಪ್ರತಿ ಅಕ್ಷರ ಅವನ ಕಣ್ಣು ದಾಟಿಯೇ ಮುಂದೆ ಹೋಗಬೇಕಿತ್ತು. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವವನಿಗೂ ಅಷ್ಟೆ. ಓದು ಬಾರದ ತಾಯಿಗೆ ಮಗನ ಕಾಗದವನ್ನು ಜಗುಲಿಯಲ್ಲಿ ಕೂತು ಓದಿಹೇಳುತ್ತಿದ್ದ ಅಂಚೆಯಣ್ಣನಿಗೆ ಊರಿನ ಅರ್ಧ ಗುಟ್ಟು ಗೊತ್ತಿರುತ್ತಿತ್ತು. ಗುಟ್ಟು ಉಳಿಯುತ್ತಿದ್ದದ್ದು ಅವನಿಗೆ ತಿಳಿಯದ್ದರಿಂದ ಅಲ್ಲ, ಅವನು ಬಾಯಿ ಬಿಡದ್ದರಿಂದ. ನಮಗೆ ತಿಳಿಯದೆಯೇ ನೆರವಾಗುವ ದಾರಿ ಸಿಕ್ಕಿದೆ. ಆ ದಾರಿಯಲ್ಲಿ ನಡೆಯಬೇಕೋ ಬೇಡವೋ ಎಂಬುದು ಮಾತ್ರ ನಮಗೇ ಬಿಟ್ಟದ್ದು.

ಇಷ್ಟರವರೆಗೆ ನನಗೆ ಗೊಂದಲವಿರಲಿಲ್ಲ. ಗೊಂದಲ ಬಂದದ್ದು ನಮ್ಮ ಬೀದಿಯ ಮೇಷ್ಟ್ರೊಬ್ಬರ ಕಂಪ್ಯೂಟರಿನಿಂದ. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ತೀರಿಕೊಂಡ ಕೆಲವು ತಿಂಗಳಿಗೆ ಅವರ ಹಳೆಯ ಡೆಸ್ಕ್‌ಟಾಪ್ ಏಳದೆ ನಿಂತಿತು. ಮಗ ರಜೆಯಲ್ಲಿ ಬಂದಿದ್ದ, ನನ್ನನ್ನು ಕರೆದ. ಫೈಲುಗಳೆಲ್ಲ ಒಂದೇ ಸಂಜೆಯಲ್ಲಿ ಹೊರಗೆ ಬಂದವು. ಒಂದನ್ನು ಅವನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಾಳಾಗಿದೆ ಎಂದು ಅವನ ಮುಖ ಸಪ್ಪಗಾಯಿತು. ಹಾಳಾಗಿರಲಿಲ್ಲ. ಮೇಷ್ಟ್ರು ಯೂನಿಕೋಡಿಗೆ ಮುಂಚಿನ ನುಡಿ ಫಾಂಟಿನಲ್ಲಿ ಬರೆದಿದ್ದರು. ಫಾಂಟು ಹಾಕಿದ ಕೂಡಲೇ ಕನ್ನಡ ಮೂಡಿತು. ನಾನು ಎದ್ದು ಕಿಟಕಿಯ ಹತ್ತಿರ ಹೋದೆ.

ಸ್ವಲ್ಪ ಹೊತ್ತಿನ ಮೇಲೆ ಅವನು ಕೇಳಿದ: “ಅಣ್ಣಾ, ಅಪ್ಪ ಅಳಿಸಿದ್ದನ್ನೂ ತೆಗೀಬಹುದಾ?”

ತೆಗೆಯಬಹುದಿತ್ತು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ ಗ್ರಂಥಾಲಯದ ಪಟ್ಟಿಯಿಂದ ಹೆಸರು ಹೊಡೆದುಹಾಕಿದ ಹಾಗೆ. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಆ ಜಾಗಕ್ಕೆ ಇನ್ನೊಂದು ಬರುವ ತನಕ. ‘ಫೋಟೋರೆಕ್’ ಎಂಬ ಕಮಾಂಡು ಪಟ್ಟಿಯನ್ನು ನೋಡುವುದೇ ಇಲ್ಲ. ಡಿಸ್ಕನ್ನು ಈ ತುದಿಯಿಂದ ಆ ತುದಿಗೆ ಓದುತ್ತ, ಫೋಟೋ ಹೀಗೆ ಶುರುವಾಗುತ್ತದೆ, ದಾಖಲೆ ಹೀಗೆ ಎಂಬ ಗುರುತಿನಿಂದಲೇ ಒಂದೊಂದನ್ನೂ ಎತ್ತಿಕೊಡುತ್ತದೆ. ಹಾಗೆ ಬಂದ ಫೈಲುಗಳಿಗೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾವುದು ಏನು ಎಂದು ತಿಳಿಯಲು ಯಾರಾದರೂ ಒಂದೊಂದನ್ನೂ ತೆರೆದು ನೋಡಲೇಬೇಕು. ಓದದೆ ಉಳಿಸುವ ದಾರಿ ಅಲ್ಲಿಗೆ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಳೆದುಹೋದದ್ದಕ್ಕೂ ಬೇಡವೆಂದು ಬಿಟ್ಟದ್ದಕ್ಕೂ ಇರುವ ವ್ಯತ್ಯಾಸ ಆ ಕಮಾಂಡಿಗೆ ಗೊತ್ತಿಲ್ಲ.

ಮಗನ ಮಾತಿನಲ್ಲಿ ನ್ಯಾಯವಿತ್ತು. ಅಪ್ಪ ಕಡೆಯ ವರ್ಷ ತಮ್ಮ ಬಾಲ್ಯದ ಬಗ್ಗೆ ಬರೆಯುತ್ತಿದ್ದರು, ಆ ಫೈಲು ಸಿಕ್ಕಿರಲಿಲ್ಲ, ಕೈತಪ್ಪಿ ಅಳಿಸಿಹೋಗಿರಬಹುದಲ್ಲ? ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಮ್ಮ ಅಂದರು: “ಅವರು ಹರಿದು ಬಚ್ಚಲ ಒಲೆ ಮುಂದೆ ಹಾಕಿದ ಕಾಗದಾನ ಆರಿಸಿ, ಅಂಟಿಸಿ ಓದೋದೇನಪ್ಪಾ?” ಅವರ ಮಾತಿನಲ್ಲೂ ನ್ಯಾಯವಿತ್ತು.

ಈ ಪ್ರಶ್ನೆ ಬಂದಾಗಲೆಲ್ಲ ಸಾಹಿತ್ಯದ ವಿದ್ಯಾರ್ಥಿಗಳು ಕಾಫ್ಕಾನ ಹೆಸರು ಹೇಳುತ್ತಾರೆ. ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡು ಎಂದು ಅವನು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟ; 1924ರಲ್ಲಿ ತೀರಿಕೊಂಡ; ಬ್ರಾಡ್ ಸುಡದೆ 1925ರಲ್ಲಿ ‘ದಿ ಟ್ರಯಲ್’ ಕಾದಂಬರಿಯನ್ನು ಪ್ರಕಟಿಸಿದ. ಜಗತ್ತು ಬ್ರಾಡ್‌ನನ್ನು ಕ್ಷಮಿಸಿದೆ. ಆದರೆ ಆ ಕತೆಯಿಂದ ನಮಗೆ ಪೂರ್ತಿ ಅನುಮತಿ ಸಿಗುವುದಿಲ್ಲ. ಕಾಫ್ಕಾ ಆ ಕೆಲಸವನ್ನು ಇನ್ನೊಬ್ಬನ ಕೈಗೆ ಬಿಟ್ಟ. ತಾನು ಸುಡುವುದಿಲ್ಲವೆಂದು ಅವನಿಗೆ ಮೊದಲೇ ಹೇಳಿದ್ದೆ ಎಂಬುದು ಬ್ರಾಡ್‌ನ ಸಮರ್ಥನೆ. ಇನ್ನೊಬ್ಬನಿಗೆ ಬಿಟ್ಟದ್ದರಲ್ಲಿ ಆ ಇನ್ನೊಬ್ಬನ ಮನಸ್ಸಿಗೂ ಜಾಗವಿರುತ್ತದೆ. ತಾನೇ ಕೈಯಾರೆ ಅಳಿಸಿದ್ದರಲ್ಲಿ ಅಂಥ ಜಾಗವಿಲ್ಲ. ಅಲ್ಲದೆ ಬ್ರಾಡ್ ಗೆಳೆಯ. ಆ ಬರವಣಿಗೆಯ ಬೆಲೆ ತಿಳಿದವನು. ಪೆನ್‌ಡ್ರೈವ್ ಹಿಡಿದು ಬಂದ ನೆರೆಯವನು ಬ್ರಾಡ್ ಅಲ್ಲ.

ಹಾಗೆಂದು ‘ಅಳಿಸಿದ್ದು ಅಳಿಸಿದ ಹಾಗೇ ಇರಲಿ’ ಎಂದು ತೀರ್ಪು ಕೊಡುವ ಅಧಿಕಾರವೂ ನನಗಿರಲಿಲ್ಲ. ಕೈತಪ್ಪಿದ್ದನ್ನೂ ಬೇಕೆಂದೇ ಬಿಟ್ಟದ್ದನ್ನೂ ಡಿಸ್ಕಿನ ಮೇಲೆ ಬೇರ್ಪಡಿಸಿ ನೋಡಲಾಗದು. ಮೇಷ್ಟ್ರ ರೀಸೈಕಲ್ ಬಿನ್ನಿನಲ್ಲೂ ಕೆಲವು ಫೈಲುಗಳಿದ್ದವು; ಅವನ್ನು ಬಿಟ್ಟವರೋ ಇಟ್ಟವರೋ ಎಂದು ಹೇಳುವವರು ಯಾರು? ಅದನ್ನು ಇದ್ದ ಹಾಗೆಯೇ ನಕಲು ಮಾಡಿದ್ದೆ. ಉಳಿದದ್ದರ ಬಗ್ಗೆ ನಾನು ಮಾಡಬಹುದಾಗಿದ್ದು ಒಂದೇ: ನಿರ್ಧಾರ ಮಾಡಬೇಕಾದವರಿಗೆ ಅದು ಮುಂದೆಯೂ ಸಾಧ್ಯವಾಗಿರುವಂತೆ ನೋಡಿಕೊಳ್ಳುವುದು. ಹಳೆಯ ಡಿಸ್ಕಿನ ಮೇಲೆ ಹೊಸದೇನೂ ಬರೆಯದಿದ್ದರೆ ಅಳಿಸಿದ್ದು ಅಲ್ಲೇ ಇರುತ್ತದೆ. ಅದನ್ನು ಕಳಚಿ ಅಮ್ಮನ ಕೈಗೆ ಕೊಟ್ಟೆ. ಇದರಿಂದ ಏನು ಬರಬಹುದು, ಬಂದರೆ ಯಾರು ಓದಬೇಕಾಗುತ್ತದೆ ಎಂದು ಇಬ್ಬರಿಗೂ ಹೇಳಿದೆ. ಅವರು ಅದನ್ನು ಹಳೆಯ ಪಂಚೆಯೊಂದರಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಮುಂದೆ ಏನಾಯಿತು ಎಂದು ನಾನು ಕೇಳಿಲ್ಲ.

ಎಲ್ಲವನ್ನೂ ಉಳಿಸಬಲ್ಲೆವು ಎಂಬ ಕಾರಣಕ್ಕೆ ಎಲ್ಲವನ್ನೂ ಉಳಿಸುವುದೇ ಒಳ್ಳೆಯದು ಎಂದು ಈಗ ನಂಬುತ್ತಿದ್ದೇವೆ. ಮನುಷ್ಯ ತನ್ನ ಬಗ್ಗೆ ಏನನ್ನು ಹಿಂದೆ ಬಿಟ್ಟುಹೋಗುತ್ತಾನೆ ಎಂಬುದು ಎಷ್ಟು ಅವನ ಮಾತೋ, ಏನನ್ನು ಅಳಿಸಿಹೋಗುತ್ತಾನೆ ಎಂಬುದೂ ಅಷ್ಟೇ ಅವನ ಮಾತು. ಎರಡನ್ನೂ ಕೇಳಿಸಿಕೊಳ್ಳಬೇಕಾದವರು ಅವನ ಮನೆಯವರು, ಹತ್ತಿರದವರು. ನೆರವಿಗೆ ಹೋದವನು ಆ ಸಂಭಾಷಣೆಯ ನಡುವೆ ಬಾಯಿ ಹಾಕಬಾರದು.

ಇದರಲ್ಲಿ ಪೆನ್‌ಡ್ರೈವಿನ ಲಿನಕ್ಸೇ ನನಗಿಂತ ಮೇಲು. ಬೇರೆ ಏರ್ಪಾಡು ಮಾಡದಿದ್ದರೆ ಅದು ಕೆಲಸವನ್ನೆಲ್ಲ ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲೇ ನಡೆಸುತ್ತದೆ. ಆರಿಸಿದ ಕೂಡಲೇ ಯಾವ ಡಿಸ್ಕು ತೆರೆದೆ, ಯಾವ ಫೋಲ್ಡರು ದಾಟಿಸಿದೆ ಎಂಬುದೆಲ್ಲ ಅದಕ್ಕೆ ಮರೆತುಹೋಗುತ್ತದೆ. ಮನುಷ್ಯನಿಗೆ ಹಾಗೆ ಮರೆಯಲು ಬರುವುದಿಲ್ಲ. ಆದ್ದರಿಂದ ಅವನು ನೋಡುವ ಮೊದಲೇ ಯೋಚಿಸಬೇಕು.